‘100% ವಾಟರ್‌ಪ್ರೂಫ್’ ಅಂತ ನಂಬಿ ಪ್ಯಾನಿಯರ್ ತಗೊಂಡೆ, ನೀವು ಮೋಸ ಹೋಗಬೇಡಿ

ಸೈಕಲ್ ಟೂರಿಗೆ ಪ್ಯಾನಿಯರ್, ಅಂದರೆ ಕ್ಯಾರಿಯರ್‌ನ ಪಕ್ಕಕ್ಕೆ ನೇತುಹಾಕುವ ಬ್ಯಾಗು, ತಗೊಳ್ಳುವ ಯೋಚನೆ ಇದ್ದರೆ ಮೊದಲು ಇದನ್ನು ಓದಿ, ಆಮೇಲೆ ದುಡ್ಡು ಕಟ್ಟಿ. ಬರೆಯೋಕೆ ನಾಚಿಕೆ ಆಗುತ್ತಿದೆ. ಪ್ಯಾಕಿಂಗ್ ಹೇಗೆ ಮಾಡಬೇಕು ಅಂತ ಊರಿಗೆಲ್ಲ ಉಪದೇಶ ಮಾಡಿದವನು ನಾನೇ.

12 ದಿನದ ಕ್ಯಾಂಪಿಂಗ್ ಟೂರು. ಹಿಂದಿನ ಕ್ಯಾರಿಯರ್‌ಗೆ ಒಟ್ಟು 40 ಲೀಟರಿನ ಜೋಡಿ ಬ್ಯಾಗು. ಸ್ಟವ್, ಟೂಲ್ಸ್ ಎಲ್ಲ ತಳಕ್ಕೆ, ಎಡಕ್ಕೂ ಬಲಕ್ಕೂ ತೂಕ ಸಮ, ಎಲ್ಲಾ ಸರಿಯಾಗೇ ಮಾಡಿದ್ದೆ. ಆದರೆ ಬ್ಯಾಗೇ ವಾಟರ್‌ಪ್ರೂಫ್ ಅಲ್ವಾ, ಒಳಗೆ ಮತ್ತೆ ಪ್ಲಾಸ್ಟಿಕ್ ಕವರ್ ಯಾಕೆ ಅಂತ ಸ್ಲೀಪಿಂಗ್ ಬ್ಯಾಗನ್ನು ಸುಮ್ನೆ ಹಾಗೇ ತುರುಕಿದೆ.

ಎರಡನೇ ದಿನ ಮಧ್ಯಾಹ್ನದಿಂದ ಮಳೆ. ನಾನು ನಿಶ್ಚಿಂತೆಯಿಂದ ಪೆಡಲ್ ತುಳಿಯುತ್ತಿದ್ದೆ. ಸಂಜೆ ಟೆಂಟ್ ಹಾಕಿ ಬ್ಯಾಗಿನೊಳಗೆ ಕೈ ಇಟ್ಟರೆ ತಳದಲ್ಲಿ ನೀರು. ಬರೀ ತೇವ ಅಲ್ಲ, ನೀರು! ಹೊಲಿಗೆಯಿಂದ ಒಳಗೆ ಬಂದದ್ದು ಹೊರಗೆ ಹೋಗೋಕೆ ದಾರಿ ಇಲ್ಲದೆ ಅಲ್ಲೇ ನಿಂತಿತ್ತು. ಅಷ್ಟರ ಮಟ್ಟಿಗೆ ಅದು ವಾಟರ್‌ಪ್ರೂಫೇ, ಒಪ್ಪುತ್ತೇನೆ. ಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ನೆಂದರೆ ಏನಾಗುತ್ತದೆ ಗೊತ್ತಲ್ಲ, ಪುಕ್ಕವೆಲ್ಲ ಮುದ್ದೆ ಮುದ್ದೆ, ಒಂಚೂರೂ ಬೆಚ್ಚಗಿಲ್ಲ. ರೇನ್ ಜಾಕೆಟ್ ಹೊದ್ದು ಬೆಳಗಿನವರೆಗೂ ನಡುಗಿದೆ. ಮೂರನೇ ದಿನ ವಾಪಸ್.

ಮಾರಿದವರಿಗೆ ಮೆಸೇಜ್ ಹಾಕಿದೆ. ಮೊದಲ ಉತ್ತರ: “ರೇನ್ ಕವರ್ ಹಾಕಿದ್ರಾ ಸರ್?” ವಾಟರ್‌ಪ್ರೂಫ್ ಬ್ಯಾಗಿಗೆ ರೇನ್ ಕವರ್ ಯಾಕ್ರೀ ಅಂದೆ. ಆಗ ಬಂತು ನೋಡಿ: “ಸರ್, ಫ್ಯಾಬ್ರಿಕ್ ವಾಟರ್‌ಪ್ರೂಫ್ ಅಂತ ಬರೆದಿದ್ದೇವೆ, ಬ್ಯಾಗ್ ಅಂತ ಬರೆದಿಲ್ಲ. ಸರಿಯಾಗಿ ಓದಿ.”

ಹೋಗಿ ಓದಿದೆ. ನಿಜ! ‘100% ವಾಟರ್‌ಪ್ರೂಫ್ ಫ್ಯಾಬ್ರಿಕ್’. ಮೊದಲ ಎರಡು ಪದ ದಪ್ಪಕ್ಷರ, ಮೂರನೆಯದು ಇರುವೆ ಗಾತ್ರ. ಕೆಳಗೆ ಐಪಿಎಕ್ಸ್4 ಅಂತಲೂ ಇತ್ತು. ಅಂದರೆ ನೀರು ಎರಚಿದರೆ ತಡೆಯುತ್ತದೆ ಅಂತ ಅಷ್ಟೇ, ಗಂಟೆಗಟ್ಟಲೆ ಮಳೆಗೆ ಅಲ್ಲ. ನಾನು ಅದನ್ನು ನೋಡಿದ್ದೆ. ನೋಡಿಯೂ ಏನೋ ಒಳ್ಳೆಯ ನಂಬರ್ ಇರಬೇಕು ಅಂದುಕೊಂಡಿದ್ದೆ. ಇದೇ ಜಾಸ್ತಿ ಉರಿಯುತ್ತಿರುವುದು.

ದುಡ್ಡು ವಾಪಸ್ ಕೇಳಿದೆ. “ಬಳಸಿದ್ದನ್ನು ತಗೊಳ್ಳಲ್ಲ ಸರ್.” ಬಳಸದೆ ಸೋರುತ್ತೆ ಅಂತ ಹೇಗೆ ತಿಳಿಯಬೇಕು ಅಂತ ಕೇಳಿದೆ. ಹೊಲಿಗೆಯ ಫೋಟೋನೂ ಕಳಿಸಿದೆ. ನಾಲ್ಕು ದಿನ ಆಯ್ತು, ನೋಡಿದ್ದಾರೆ, ಉತ್ತರ ಇಲ್ಲ.

ತಗೊಳ್ಳುವ ಮುಂಚೆ ಒಳಗಿನ ಜೋಡಣೆ ನೋಡಿ. ಸೂಜಿ ತೂತು ಕಂಡರೆ, ಮೇಲೆ ಟೇಪ್ ಕೂಡ ಇಲ್ಲದಿದ್ದರೆ ಬಿಟ್ಟುಬಿಡಿ, ಶಾಖ ಕೊಟ್ಟು ಬೆಸೆದದ್ದೇ ಬೇಕು. ಬಾಯಿ ಸುರುಳಿ ಸುತ್ತಿ ಮುಚ್ಚುವಂಥದ್ದಿರಲಿ, ಕನಿಷ್ಠ ಮೂರು ಸುತ್ತು. ಮನೆಗೆ ಬಂದ ದಿನವೇ ಒಳಗೆ ಹಳೇ ಪೇಪರ್ ತುಂಬಿ ಹತ್ತು ನಿಮಿಷ ನಲ್ಲಿ ಕೆಳಗೆ ಇಡಿ, ವಿಡಿಯೋ ಮಾಡಿಕೊಳ್ಳಿ. ಆಮೇಲೂ ಸ್ಲೀಪಿಂಗ್ ಬ್ಯಾಗಿಗೆ ಬೇರೆ ಕವರ್ ಹಾಕಿ, ಯಾರನ್ನೂ ನಂಬಬೇಡಿ.

ನನ್ನ ಮಾತು ಕೇಳಿ ಇದೇ ಬ್ಯಾಗ್ ತಗೊಂಡ ಗೆಳೆಯ ಮುಂದಿನ ವಾರ ಹೊರಡುತ್ತಿದ್ದಾನೆ. ಅವನಿಗೆ ಇನ್ನೂ ಫೋನ್ ಮಾಡಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ?