ತೆಳು ಗೋಡೆಯ ಮಾಡೆಲ್‌ಗೆ ತೂತು ಹಾಕಿಸುವವರೇ, ತೆರೆಯ ಮೇಲಿನ ಚಿತ್ರ ನೋಡಿ ಬಾಕಿ ಹಣ ಕೊಡಬೇಡಿ

ಹುಬ್ಬಳ್ಳಿ-ಧಾರವಾಡದಲ್ಲಿ ದೀಪ, ಮೂರ್ತಿ, ಆಭರಣಗಳಿಗೆ ತ್ರೀಡಿ ಮಾಡೆಲ್ ಮಾಡಿಸಿ ಪ್ರಿಂಟ್ ಹಾಕಿಸುವವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮಾತು ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ. ಮಾಡೆಲ್ ಮಾಡಿಕೊಟ್ಟವನ ಹೆಸರು ಹಾಕುವುದಿಲ್ಲ. ಅವನು ಮಾಡಿದ್ದನ್ನು ಮಾತ್ರ ಏನೂ ಬಿಡದೆ ಹೇಳುತ್ತೇನೆ.

ನಾನು ಧಾರವಾಡದಲ್ಲಿ ಮನೆಯಲ್ಲೇ ಮೇಜಿನ ದೀಪಗಳನ್ನು ಜೋಡಿಸಿ ಮಾರುತ್ತೇನೆ. ಈ ಸಲ ದೀಪಾವಳಿಗೆ ಉಣಕಲ್‌ನ ಚಂದ್ರಮೌಳೇಶ್ವರ ಗುಡಿಯ ಜಾಲಂಧ್ರಗಳ (ಕಲ್ಲಿನ ಜಾಳಿ ಕಿಟಕಿಗಳ) ಚಿತ್ತಾರವಿರುವ ದೀಪದ ಕವಚ ತರಬೇಕೆಂದಿದ್ದೆ. ಕಲ್ಯಾಣ ಚಾಲುಕ್ಯರ ಕಾಲದ ಆ ಗುಡಿಯನ್ನು ನೋಡಿದವರಿಗೆ ಗೊತ್ತು, ಅಲ್ಲಿ ಕಲ್ಲನ್ನೇ ಆರಪಾರ ಕೊರೆದಿದ್ದಾರೆ. ನನಗೆ ಬೇಕಾಗಿದ್ದದ್ದು ಗಡಿಗೆಯಾಕಾರದ ಒಂದು ಕವಚ: 18 ಸೆಂಟಿಮೀಟರ್ ಎತ್ತರ, 2 ಮಿಲಿಮೀಟರ್ ಗೋಡೆ, ಸುತ್ತಲೂ ಆರಪಾರ ತೂತು. ಒಳಗೆ ಎಲ್‌ಇಡಿ ಬಲ್ಬು ಮಾತ್ರ, ಏಕೆಂದರೆ ಪ್ರಿಂಟ್ ಹಾಕುವ ಪಿಎಲ್‌ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ಇಷ್ಟನ್ನೂ ಕಾಗದದ ಮೇಲೆ ಬರೆದು, ಅಳತೆ ಹಾಕಿ, ಗುಡಿಯ ಫೋಟೋಗಳ ಜೊತೆ ಕೊಟ್ಟಿದ್ದೆ. "ಆರಪಾರ" ಎಂಬ ಮಾತಿನ ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಆರು ಸಾವಿರಕ್ಕೆ ಮಾತಾಯಿತು. ಅರ್ಧ ಮುಂಗಡ, ಫೈಲ್ ಕೈಗೆ ಬಂದಾಗ ಉಳಿದರ್ಧ. ಎಲ್ಲರೂ ನಡೆಸುವ ಕ್ರಮವೇ ಇದು. "ಅಕ್ಕಾ, ನೀವು ನಿಶ್ಚಿಂತೆಯಿಂದಿರಿ, ಜೀಬ್ರಷ್‌ನಲ್ಲಿ ನನಗೆ ಇದು ಒಂದು ಸಂಜೆಯ ಕೆಲಸ" ಎಂದ (ಜೀಬ್ರಷ್ ಎಂದರೆ ಕಂಪ್ಯೂಟರ್‌ನಲ್ಲಿ ತ್ರೀಡಿ ಮಾಡೆಲ್ ಕೆತ್ತುವ ಸಾಫ್ಟ್‌ವೇರ್). ಆಗ ನಾನು ಅಕ್ಕ.

ಕೆಲಸ ಮುಗಿಯಿತೆಂದು ವಿಡಿಯೊ ಕಳಿಸಿದ. ತೆರೆಯ ಮೇಲೆ ಕವಚ ನಿಧಾನವಾಗಿ ತಿರುಗುತ್ತಿದೆ, ಪ್ರತಿಯೊಂದು ತೂತಿನಿಂದಲೂ ಹಿಂದಿನ ಬೂದು ಬಣ್ಣ ಕಾಣುತ್ತಿದೆ, ಒಳಗೋಡೆಯ ಅಂಚು ಕೂಡ ಕಾಣುತ್ತಿದೆ. ಬಾಕಿ ಕಳಿಸಿದೆ. ಅದೇ ಚಿತ್ರವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿ ಗುರುತಿನವರಿಂದ ಆರ್ಡರ್ ತೆಗೆದುಕೊಂಡೆ. ಗೋಕುಲ ರಸ್ತೆಯ ಪ್ರಿಂಟಿಂಗ್ ಅಂಗಡಿಗೆ ಫೈಲ್ ಕಳಿಸಿದೆ, ಅವರು ಪ್ರಿಂಟ್ ಹಾಕಿ ಪೆಟ್ಟಿಗೆ ಕಟ್ಟಿ ನೇರವಾಗಿ ವಿದ್ಯಾನಗರದ ಗಿರಾಕಿಯ ಮನೆಗೇ ತಲುಪಿಸಿದರು. ನಾನು ಬಲ್ಬು, ವಯರ್ ಹಿಡಿದುಕೊಂಡು ಅಲ್ಲಿಗೆ ಹೋದೆ.

ಆ ಪೆಟ್ಟಿಗೆಯನ್ನು ಅವರ ಮನೆಮಂದಿಯೆಲ್ಲ ಸುತ್ತ ನಿಂತಿರುವಾಗ ತೆರೆದೆ. ಒಂದೇ ಒಂದು ತೂತಿಲ್ಲ. ನುಣ್ಣಗಿನ ಬಿಳಿ ಗಡಿಗೆ! ಮನೆಯ ಹಿರಿಯರು ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿ, "ಏನವ್ವಾ, ಜಾಳಿ ಎಲ್ಲಿದೆ?" ಎಂದು ಕೇಳಿದರು. ಅವರ ಧ್ವನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೇ ಕೇಳಿದ್ದರು. ಅದಕ್ಕೇ ಇನ್ನಷ್ಟು ನಾಚಿಕೆಯಾಯಿತು. ಮುಂಗಡ ಪಡೆದವಳು ನಾನು, ಚಿತ್ರ ತೋರಿಸಿದವಳು ನಾನು. ಅವರ ಕಣ್ಣಿಗೆ ಮೋಸ ಮಾಡಿದವಳೂ ನಾನೇ ಆದೆನಲ್ಲ!

ಅಲ್ಲಿಂದಲೇ ಅವನಿಗೆ ಫೋಟೋ ಕಳಿಸಿದೆ. ಬಂದ ಉತ್ತರ: "ಪ್ರಿಂಟರ್ ಸಮಸ್ಯೆ ಇರಬೇಕು. ನನ್ನ ಕಡೆ ತೂತು ಸರಿಯಾಗಿ ಕಾಣುತ್ತಿದೆ." ಹತ್ತು ನಿಮಿಷ ಬಿಟ್ಟು ಇನ್ನೊಂದು: "ಕೆಲವು ಅಂಗಡಿಯವರ ಸಾಫ್ಟ್‌ವೇರ್ ತೂತುಗಳನ್ನು ತಾನೇ ರಿಪೇರಿ ಮಾಡಿ ಮುಚ್ಚಿಬಿಡುತ್ತದೆ, ಅವರನ್ನು ಕೇಳಿ." ರಿಪೇರಿ ಮಾಡುವ ಸಾಫ್ಟ್‌ವೇರ್ ಕೆಟ್ಟ ಮೆಶ್‌ನ, ಅಂದರೆ ಮಾಡೆಲ್‌ನ ಮೈಯಾದ ಬಲೆಯ, ಬಿರುಕುಗಳನ್ನು ಮುಚ್ಚುವುದುಂಟು, ಅದು ನಿಜ. ಅರ್ಧ ನಿಜವನ್ನು ಹಿಡಿದು ಪ್ರಾಮಾಣಿಕ ಅಂಗಡಿಯವರ ಮೇಲೆ ಹೊರೆ ಹಾಕಿದ. ನಾನು ಅವನ ಮಾತನ್ನು ಹಿಡಿದು ಅವರ ಅಂಗಡಿಗೆ ಹೋಗಿ ಏರುಧ್ವನಿಯಲ್ಲೇ ಕೇಳಿದೆ.

ಅವರು ಎದುರು ಮಾತನಾಡಲಿಲ್ಲ. ನಾನು ಕಳಿಸಿದ ಎಸ್‌ಟಿಎಲ್ ಫೈಲನ್ನು (ಪ್ರಿಂಟ್‌ಗೆ ಕೊಡುವ ಮಾಡೆಲ್ ಫೈಲ್ ಅದು) ನನ್ನೆದುರೇ ಸ್ಲೈಸರ್‌ನಲ್ಲಿ, ಅಂದರೆ ಮಾಡೆಲ್ಲನ್ನು ಪ್ರಿಂಟ್‌ನ ಪದರಗಳಾಗಿ ಕತ್ತರಿಸುವ ಸಾಫ್ಟ್‌ವೇರ್‌ನಲ್ಲಿ, ತೆರೆದು, ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ತೋರಿಸಿದರು. ಪ್ರತಿ ಪದರವೂ ಪೂರ್ತಿ ಉಂಗುರ. ಎಲ್ಲಿಯೂ ಕಡಿತವಿಲ್ಲ, ಚಿತ್ತಾರ ಇರಬೇಕಾದ ಜಾಗದಲ್ಲೂ ಕಡಿತವಿಲ್ಲ. ಯಾರೂ ಏನನ್ನೂ ಮುಚ್ಚಿರಲಿಲ್ಲ. ಮುಚ್ಚಲು ಅಲ್ಲಿ ತೂತೇ ಇರಲಿಲ್ಲ. ಕೈಕಾಲು ತಣ್ಣಗಾದವು.

ಕಾರಣವನ್ನೂ ಅವರೇ ಬಿಡಿಸಿ ಹೇಳಿದರು, ಇದನ್ನು ನೀವೂ ತಿಳಿದಿರಬೇಕು. ಜೀಬ್ರಷ್‌ನಲ್ಲಿ ಒಂದು ಆಕಾರದಿಂದ ಇನ್ನೊಂದನ್ನು ಕಳೆಯುವ ಲೈವ್ ಬೂಲಿಯನ್ ಎಂಬ ಸೌಲಭ್ಯವಿದೆ, 2017ರಲ್ಲಿ ಬಂದ 4ಆರ್8 ಆವೃತ್ತಿಯಿಂದ. ಕೊರೆಯುವ ಆಕಾರವನ್ನು ಬೇರೆ ಸಬ್‌ಟೂಲ್ (ಮಾಡೆಲ್‌ನ ಪ್ರತ್ಯೇಕ ತುಂಡು) ಆಗಿ ಇಟ್ಟು, "ಕಳೆ" ಎಂದು ಗುರುತು ಹಾಕಿದರೆ ಸಾಕು, ತೆರೆಯ ಮೇಲೆ ತೂತು ಆದಂತೆ ಕಾಣುತ್ತದೆ. ಆದರೆ ಅದು ಬರೀ ನೋಟ. ಮೇಕ್ ಬೂಲಿಯನ್ ಮೆಶ್ ಒತ್ತಿ ಹೊಸ ಮೆಶ್ ಮಾಡಿ, ಆ ಹೊಸ ಮೆಶ್ಶನ್ನೇ ಫೈಲ್ ಮಾಡಿ ಕಳಿಸಬೇಕು. ಹಳೆಯ ಸಬ್‌ಟೂಲನ್ನು ಕಳಿಸಿದರೆ ತೂತಿಲ್ಲದ ಗಡಿಗೆಯೇ ಹೋಗುತ್ತದೆ. ಇವನು ಕಳಿಸಿದ್ದು ಹಳೆಯದನ್ನು. ವಿಡಿಯೊದಲ್ಲಿ ನಾನು ಕಂಡದ್ದು ನೋಟವನ್ನು. ನೋಟಕ್ಕೆ ಆರು ಸಾವಿರ ಕೊಟ್ಟೆ!

ಇದನ್ನೇ ಅವನಿಗೆ ಬರೆದೆ. ಅಲ್ಲಿಂದ ನಾನು ಅಕ್ಕ ಅಲ್ಲ, ಮೇಡಂ ಆದೆ. "ಮೇಡಂ, ಗೋಡೆ ಬಹಳ ತೆಳುವಾಗಿದೆ. ತೆಳು ಗೋಡೆಗೆ ತೂತು ಹಾಕುವುದು ಎಷ್ಟು ಕಷ್ಟ ಎಂದು ನಿಮಗೆ ತಿಳಿಯುವುದಿಲ್ಲ." 2 ಮಿಲಿಮೀಟರ್ ಎಂದು ಮೊದಲೇ ಬರೆದುಕೊಟ್ಟಾಗ ಒಂದು ಸಂಜೆಯ ಕೆಲಸವಾಗಿತ್ತು. ಹಣ ಕೈ ಸೇರಿದ ಮೇಲೆ ಗೋಡೆ ತೆಳುವಾಯಿತು.

ಜಗಳವಾಡಿದ ಮೇಲೆ ಇನ್ನೊಂದು ಫೈಲ್ ಬಂತು. ಈ ಸಲ ತೂತುಗಳಿದ್ದವು, ಬೇಡದ ಕಡೆಯೂ ಇದ್ದವು. ಚಿತ್ತಾರದ ಕಡ್ಡಿಗಳು ನಡುನಡುವೆ ಹರಿದಿದ್ದವು, ಮೂಲೆಗಳು ಕರಗಿದ ಮೇಣದಂತಿದ್ದವು. ಡೈನಾಮೆಶ್ ಒತ್ತಿದ್ದಾನೆ, ಅದೂ ರೆಸಲ್ಯೂಷನ್ ಏರಿಸದೆ, ಎಂದು ಅಂಗಡಿಯವರು ಮೆಶ್ ನೋಡಿದೊಡನೆ ಹೇಳಿದರು. ಡೈನಾಮೆಶ್ ಇಡೀ ಮಾಡೆಲ್‌ನ ಮೈಯನ್ನು ಸಮನಾದ ಚೌಕಗಳಲ್ಲಿ ಹೊಸದಾಗಿ ಹೆಣೆಯುತ್ತದೆ. ಗೋಡೆಯ ದಪ್ಪಕ್ಕೆ ಹೋಲಿಸಿದರೆ ಆ ಚೌಕ ದೊಡ್ಡದಾದಾಗ ಹೊರಮೈ ಯಾವುದು, ಒಳಮೈ ಯಾವುದು ಎಂಬುದು ಅದಕ್ಕೆ ಸಿಗುವುದಿಲ್ಲ. ಎರಡೂ ಒಂದರೊಳಗೊಂದು ಸೇರಿ ಗೋಡೆ ಹರಿಯುತ್ತದೆ. ರೆಸಲ್ಯೂಷನ್ ಏರಿಸಿದಷ್ಟೂ ಚೌಕ ಚಿಕ್ಕದಾಗುತ್ತದೆ, ಕಂಪ್ಯೂಟರ್‌ಗೆ ಭಾರ ಹೆಚ್ಚುತ್ತದೆ. ಆ ಭಾರವನ್ನು ಉಳಿಸಿಕೊಂಡು ನನ್ನ ಮಾಡೆಲ್ಲನ್ನು ಹರಿದ.

ಅದಕ್ಕೆ ಅವನು ಕೊಟ್ಟ ಉತ್ತರವನ್ನು ಇಂದಿಗೂ ಮರೆಯಲು ಆಗುತ್ತಿಲ್ಲ: "ಹಾಗೆಯೇ ಬಿಡಿ ಮೇಡಂ, ಕೈಯಿಂದ ಮಾಡಿದಂತೆ ಕಾಣುತ್ತದೆ." ಉಣಕಲ್‌ನ ಜಾಲಂಧ್ರಗಳನ್ನು ಕೈಯಿಂದಲೇ ಮಾಡಿದ್ದಾರೆ. ಅವು ಹೀಗಿವೆಯೇ? ಸರಿಯಾಗಿ ಬೇಕೆಂದರೆ "ಬೂಲಿಯನ್ ಕೆಲಸಕ್ಕೆ" ಇನ್ನೂ ಎರಡು ಸಾವಿರ ಆಗುತ್ತದೆ ಎಂದ. ಮೊದಲ ಆರು ಸಾವಿರ ಯಾವ ಕೆಲಸಕ್ಕೆ ಎಂದು ಕೇಳಿದೆ. ನೀಲಿ ಗುರುತು ಬಿತ್ತು, ಉತ್ತರ ಬರಲಿಲ್ಲ.

ಹಾಗಾಗಿ ಹೇಳುತ್ತೇನೆ. ವಿಡಿಯೊ, ಸ್ಕ್ರೀನ್‌ಶಾಟ್ ಎಷ್ಟೇ ಚೆನ್ನಾಗಿರಲಿ, ಎಸ್‌ಟಿಎಲ್ ಕೈಗೆ ಬಂದು, ಸ್ಲೈಸರ್‌ನಲ್ಲಿ ಪದರ ಪದರವಾಗಿ ನೀವೇ ನೋಡುವವರೆಗೆ ಬಾಕಿ ಕೊಡಬೇಡಿ. ಸ್ಲೈಸರ್‌ಗಳಲ್ಲಿ ಉಚಿತವಾಗಿ ಸಿಗುವವೂ ಇವೆ. ತೂತಿರುವ ಕಡೆ ಉಂಗುರ ತುಂಡಾಗಿರಬೇಕು, ಅಷ್ಟೇ. ಕೊರೆಯುವ ಆಕಾರ ಗೋಡೆಯ ಎರಡೂ ಬದಿಗೆ ಸ್ವಲ್ಪ ಹೊರಚಾಚಿ, ಒಳಗಿನ ಖಾಲಿ ಜಾಗದಲ್ಲೇ ನಿಲ್ಲುತ್ತದೆಯೇ ಎಂದು ಕೇಳಿ. ಎದುರು ಗೋಡೆಯವರೆಗೆ ಹೋದರೆ ಅಲ್ಲಿಯೂ ತೂತು ಬೀಳುತ್ತದೆ. ಈ ಪ್ರಶ್ನೆಗೆ ತಡವರಿಸುವವನಿಗೆ ಮುಂಗಡವನ್ನೂ ಕೊಡಬೇಡಿ. ಮತ್ತು ತೆಳು ಗೋಡೆ ಎಂಬ ನೆಪವನ್ನು ಒಪ್ಪಲೇಬೇಡಿ. ಅದೇ 2 ಮಿಲಿಮೀಟರ್ ಗೋಡೆಗೆ, ಅದೇ ಚಿತ್ತಾರಕ್ಕೆ, ಆ ಪ್ರಿಂಟಿಂಗ್ ಅಂಗಡಿಯವರು ಬ್ಲೆಂಡರ್ ಎಂಬ ಇನ್ನೊಂದು ತ್ರೀಡಿ ಸಾಫ್ಟ್‌ವೇರ್‌ನಲ್ಲಿ ಬೂಲಿಯನ್ ಹಾಕಿ ನನ್ನೆದುರೇ ಸರಿಯಾಗಿ ತೂತು ಕೊರೆದು ತೋರಿಸಿದರು. ನಾನು ಜಗಳವಾಡಲು ಹೋದ ಅಂಗಡಿಯವರೇ ಅವರು.

ವಿದ್ಯಾನಗರದವರಿಗೆ ಮುಂಗಡ ಹಿಂದಿರುಗಿಸಿದೆ. ನನ್ನ ಆರು ಸಾವಿರ ಇನ್ನೂ ಅವನ ಬಳಿಯೇ ಇದೆ. ಎರಡೂ ಫೈಲ್‌ಗಳು, ಆ ವಿಡಿಯೊ, ಅವನ ಎಲ್ಲ ಸಂದೇಶಗಳು ನನ್ನ ಮೊಬೈಲ್‌ನಲ್ಲಿವೆ. ಈ ಭಾಗದಲ್ಲಿ ಯಾರಿಗಾದರೂ ಇಂಥ ಕೆಲಸ ಕೊಡುವ ಮುನ್ನ ನೋಡಬೇಕೆನಿಸಿದರೆ ಕೇಳಿ, ತೋರಿಸುತ್ತೇನೆ.