ಕ್ಯಾಶ್ ಲೈನಿನ ಜಗಳ ಹಿಡಿದುಕೊಟ್ಟ ‘ಪರ್ಫ್ ಸಿ2ಸಿ’

ಹಲವು ಥ್ರೆಡ್‌ಗಳಲ್ಲಿ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳಲ್ಲಿ) ಓಡುವ ಸರ್ವರ್ ತಂತ್ರಾಂಶವನ್ನು 4 ಕೋರ್‌ಗಳ (ಪ್ರೊಸೆಸರಿನ ಲೆಕ್ಕ ಮಾಡುವ ಘಟಕಗಳ) ಯಂತ್ರದಿಂದ 32 ಕೋರ್‌ಗಳ ಯಂತ್ರಕ್ಕೆ ಸಾಗಿಸಿದಾಗ ವೇಗ ಹೆಚ್ಚುವ ಬದಲು ಕುಸಿದರೆ, ಮೊದಲು ಅನುಮಾನ ಬರುವುದು ಲಾಕ್‌ಗಳ ಮೇಲೆ, ಅಂದರೆ ಒಂದು ಥ್ರೆಡ್ ಮುಗಿಸುವವರೆಗೆ ಉಳಿದವನ್ನು ಕಾಯಿಸುವ ಬೀಗಗಳ ಮೇಲೆ. ನಾವೂ ಲಾಕ್‌ಗಳನ್ನೆಲ್ಲ ಜಾಲಾಡಿ, ಏನೂ ಸಿಗದೆ, ಕೊನೆಗೆ 2017ರಲ್ಲಿ ಲಿನಕ್ಸ್ 4.10ರೊಂದಿಗೆ ಬಂದ, ಕೋರ್‌ಗಳು ಮೆಮೊರಿಗಾಗಿ ಎಲ್ಲಿ ಜಗಳವಾಡುತ್ತಿವೆ ಎಂದು ತೋರಿಸುವ ‘ಪರ್ಫ್ ಸಿ2ಸಿ’ ಎಂಬ ಈ ಉಚಿತ ಉಪಕರಣದ ಮೊರೆಹೋದೆವು.

ಪ್ರೊಸೆಸರ್ ಮೆಮೊರಿಯನ್ನು ಒಂದೊಂದೇ ಬೈಟ್ ಆಗಿ ಅಲ್ಲ, ಇಂಟೆಲ್ ಯಂತ್ರಗಳಲ್ಲಿ 64 ಬೈಟ್‌ಗಳ ಕ್ಯಾಶ್ ಲೈನ್ ಎಂಬ ತುಂಡುಗಳಾಗಿ ಕೋರ್ ಪಕ್ಕದ ವೇಗದ ಮೆಮೊರಿಗೆ (ಕ್ಯಾಶ್‌ಗೆ) ತರಿಸಿಕೊಳ್ಳುತ್ತದೆ. ನಮ್ಮ ತಂತ್ರಾಂಶದ ಒಂದು ಸ್ಟ್ರಕ್ಚರ್‌ನಲ್ಲಿ (ಒಟ್ಟಿಗೆ ಇಟ್ಟ ದತ್ತಾಂಶಗಳ ಗುಂಪಿನಲ್ಲಿ) ತಲಾ 8 ಬೈಟ್‌ಗಳ ಎರಡು ಕೌಂಟರ್‌ಗಳು ಅಕ್ಕಪಕ್ಕದಲ್ಲಿದ್ದವು; ಒಂದನ್ನು ಒಂದು ಥ್ರೆಡ್, ಇನ್ನೊಂದನ್ನು ಮತ್ತೊಂದು ಥ್ರೆಡ್ ಹೆಚ್ಚಿಸುತ್ತಿತ್ತು. ಅವುಗಳ ನಡುವೆ ಯಾವ ಸಂಬಂಧವೂ ಇಲ್ಲದಿದ್ದರೂ, ಒಂದೇ ವಠಾರದ ಬಾಡಿಗೆದಾರರಂತೆ ಒಂದೇ ಲೈನಿನಲ್ಲಿ ಇದ್ದುದರಿಂದ, ಬರೆಯುವ ಕೋರ್ ಪ್ರತಿ ಸಲ ಇಡೀ ಲೈನನ್ನೇ ತನ್ನ ಬಳಿಗೆ ಎಳೆದುಕೊಳ್ಳಬೇಕಾಗಿ, ಆ ಲೈನು ಕೋರ್‌ನಿಂದ ಕೋರ್‌ಗೆ ಎಡೆಬಿಡದೆ ಅಲೆಯುತ್ತಿತ್ತು. ಸಿ2ಸಿ ವರದಿಯ ಮೇಲ್ತುದಿಯಲ್ಲೇ ಆ ಲೈನು, ಅದರೊಳಗಿನ ಆಫ್‌ಸೆಟ್ (ಲೈನಿನ ಆರಂಭದಿಂದ ಇರುವ ಬೈಟ್‌ಗಳ ದೂರ) 0 ಮತ್ತು 8, ಅವನ್ನು ಮುಟ್ಟಿದ ಫಂಕ್ಷನ್‌ಗಳ ಹೆಸರು ಎಲ್ಲವೂ ಇದ್ದವು. ಎರಡನೆಯ ಕೌಂಟರನ್ನು ಬೇರೆ ಲೈನಿಗೆ ತಳ್ಳಲು ಒಂದೇ ಸಾಲಿನ ತಿದ್ದುಪಡಿ ಸಾಕಾಯಿತು. (ವಾರಗಟ್ಟಲೆ ಬೈಸಿಕೊಂಡ ಲಾಕ್‌ಗಳು ನಿರಪರಾಧಿಗಳಾಗಿದ್ದವು.)

ದೋಷಗಳಿಲ್ಲದಿಲ್ಲ. ವರದಿಯ ಕಾಲಂಗಳು ಪರದೆಯಾಚೆಗೂ ಚಾಚುತ್ತವೆ. ಮೊದಲ ಸಲ ನೋಡುವವರಿಗೆ ಅದು ಅಂಕಿಗಳ ಸಂತೆ. ಪ್ರೊಸೆಸರಿನ ಮೆಮೊರಿ ಸ್ಯಾಂಪ್ಲಿಂಗ್ ಸೌಲಭ್ಯವನ್ನು (ಮೆಮೊರಿಯನ್ನು ಮುಟ್ಟಿದ ಕೆಲವು ಸಂದರ್ಭಗಳನ್ನು ಆಯ್ದು ದಾಖಲಿಸುವುದನ್ನು) ಅವಲಂಬಿಸಿರುವುದರಿಂದ, ಅದನ್ನು ಒದಗಿಸದ ಬಾಡಿಗೆಯ ವರ್ಚುವಲ್ ಯಂತ್ರಗಳಲ್ಲಿ ಇದು ಕೆಲಸಕ್ಕೆ ಬಾರದು. ಹಾಗಾಗಿ ನಾವು ಪರೀಕ್ಷೆಗಾಗಿಯೇ ಎರಡು ಸಾಕೆಟ್‌ಗಳ (ಎರಡು ಪ್ರೊಸೆಸರ್ ಚಿಪ್‌ಗಳ) ಒಂದು ಹಳೆಯ ಯಂತ್ರವನ್ನು ಕಚೇರಿಯಲ್ಲಿ ಉಳಿಸಿಕೊಂಡಿದ್ದೇವೆ.