ಇನ್‌ಸ್ಟಾಗ್ರಾಂ ಟೀನ್ ಅಕೌಂಟ್: ಮಗಳ ಜೊತೆ ಕೂತು 5 ತಿಂಗಳು ನೋಡಿದ ಮೇಲೆ ಬರೀತಿದೀನಿ

ನನ್ ಮಗಳು ಒಂಬತ್ತನೇ ಕ್ಲಾಸು, ವಯಸ್ಸು 14, ನಾವಿರೋದು ಹಾಸನದಲ್ಲಿ. ಅವಳಿಗೆ ಇನ್‌ಸ್ಟಾ ಇದೆ ಅಂತ ನಂಗೆ ಗೊತ್ತಾಗಿದ್ದೇ ನಮ್ ನಾದಿನಿ ಫೋನ್ ಹಿಡ್ಕೊಂಡು ಬಂದು "ಅತ್ತಿಗೆ, ನಮ್ ಪುಟ್ಟಿ ರೀಲ್ ಬಂದಿದೆ ನೋಡಿ" ಅಂದಾಗ. ಸ್ಕೂಲ್ ಡೇ ಡ್ಯಾನ್ಸು, ಚೆನ್ನಾಗೇ ಮಾಡಿದ್ಲು, ಆದ್ರೆ ಹಿಂದೆ ಬ್ಯಾನರಲ್ಲಿ ಸ್ಕೂಲಿನ ಹೆಸರು, ಕೊರಳಲ್ಲಿ ಐಡಿ ಕಾರ್ಡು, ಸ್ವಲ್ಪ ದೊಡ್ಡದು ಮಾಡಿ ನೋಡಿದ್ರೆ ಬಸ್ ರೂಟ್ ನಂಬರೂ ಓದಬಹುದು. ಅಕೌಂಟ್ ಪಬ್ಲಿಕ್ಕು, ಹುಟ್ಟಿದ ವರ್ಷ 2001 ಅಂತ ಹಾಕಿದ್ಲು, ಅಂದ್ರೆ ಆಪ್ ಲೆಕ್ಕದಲ್ಲಿ ಇವಳು ದೊಡ್ಡವಳು. ಮೆಸೇಜ್ ರಿಕ್ವೆಸ್ಟ್ ತೆಗೆದು ನೋಡಿದ್ರೆ ಗುರುತು ಪರಿಚಯ ಇಲ್ಲದವ್ರು 11 ಜನ, ಒಬ್ಬ "ದಿನಾ ಯಾವ್ ಬಸ್ಸಿಗೆ ಬರ್ತೀಯ" ಅಂತ ಕೇಳಿದಾನೆ. ಅದನ್ನ ಓದಿ ನನ್ ಕೈಕಾಲು ತಣ್ಣಗಾಗೋಯ್ತು.

ಮೊದಲು ಮಾಡಿದ್ದು ಎಲ್ರೂ ಮಾಡೋದೇ, ಬೈದು ಫೋನ್ ಕಿತ್ಕೊಂಡಿದ್ದು. ನಾಲ್ಕನೇ ದಿನಕ್ಕೆ ಟ್ಯೂಷನ್ ಫ್ರೆಂಡ್ ಫೋನಲ್ಲಿ ಲಾಗಿನ್ ಆಗಿದ್ಲು. ಮೆಲ್ಬರ್ನಲ್ಲಿ ಇರೋ ನನ್ ತಂಗಿ, ಅಕ್ಕಾ ಇಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷದ ಒಳಗಿನವ್ರಿಗೆ ಅಕೌಂಟೇ ಇರಬಾರ್ದು ಅಂತ ಕಾನೂನೇ ಬಂದಿದೆ, ನೀನೂ ತೆಗೆಸಿಬಿಡು ಅಂದ್ಲು. ಯೋಚನೆ ಮಾಡ್ದೆ, ಆದ್ರೆ ಇವಳು ಕದ್ದು ನೋಡೋದನ್ನ ಆಗಲೇ ಕಲ್ತಾಗಿತ್ತು, ಕದ್ದು ನೋಡೋವಾಗ ಏನಾದ್ರೂ ಆದ್ರೆ ನಂಗೆ ಹೇಳ್ತಾಳಾ, ಖಂಡಿತ ಹೇಳಲ್ಲ. ಹಂಗಾಗಿ ಇನ್‌ಸ್ಟಾದಲ್ಲೇ ಹದಿಹರೆಯದ ಮಕ್ಕಳಿಗೆ ಅಂತ ಇರೋ ಟೀನ್ ಅಕೌಂಟ್ ಮಾಡ್ಸೋಣ ಅಂತ ಕೂತ್ವಿ. ಇಂಡಿಯಾದಲ್ಲಿ ಇದನ್ನ 2025ರ ಫೆಬ್ರವರಿಯಲ್ಲಿ ಶುರು ಮಾಡಿದ್ದು, ದುಡ್ಡೇನೂ ಕೊಡೋ ಹಾಗಿಲ್ಲ.

ಹಳೇ ಅಕೌಂಟ್ ಡಿಲೀಟ್‌ಗೆ ಕೊಟ್ವಿ. ಇದು ಗೊತ್ತಿರಲಿ, ಡಿಲೀಟ್ ಅಂತ ಕೊಟ್ಟ ತಕ್ಷಣ ಹೋಗಲ್ಲ, 30 ದಿನ ಟೈಮ್ ಇರುತ್ತೆ, ಅಷ್ಟರಲ್ಲಿ ಮತ್ತೆ ಲಾಗಿನ್ ಆದ್ರೆ ವಾಪಸ್ ಬಂದುಬಿಡುತ್ತೆ. ಅವಳಿಗೆ 400 ಚಿಲ್ಲರೆ ಫಾಲೋವರ್ಸ್ ಇದ್ರು, ಅತ್ಲು, ನಾನು ಸುಮ್ನೆ ಪಕ್ಕದಲ್ಲಿ ಕೂತಿದ್ದೆ. ಆಮೇಲೆ ನಿಜವಾದ ಹುಟ್ಟಿದ ತಾರೀಕು ಹಾಕಿ ಹೊಸದು ಮಾಡಿದ್ವಿ. ಸರಿಯಾದ ವಯಸ್ಸು ಹಾಕಿದ್ರೆ ಅರ್ಧ ಕೆಲಸ ತಾನಾಗೇ ಆಗುತ್ತೆ: ಅಕೌಂಟ್ ಪ್ರೈವೇಟ್ ಆಗಿರುತ್ತೆ, ಅವಳು ಫಾಲೋ ಮಾಡದವ್ರು, ಸಂಬಂಧ ಇಲ್ಲದವ್ರು ಮೆಸೇಜ್ ಮಾಡೋಕಾಗಲ್ಲ, ಟ್ಯಾಗ್ ಮಾಡೋಕಾಗಲ್ಲ, 16ರ ಒಳಗಿದ್ರೆ ಇದನ್ನ ಸಡಿಲ ಮಾಡೋಕೆ ಅಪ್ಪ ಅಮ್ಮ ಒಪ್ಪಬೇಕು. ಸುಳ್ಳು ವಯಸ್ಸು ಹಾಕಿದ್ರೆ ಇದ್ಯಾವುದೂ ಇಲ್ಲ. ಅದಕ್ಕೆ ಹೇಳೋದು, ನಿಮ್ ಮಕ್ಕಳ ಅಕೌಂಟಲ್ಲಿ ಮೊದಲು ನೋಡಬೇಕಾಗಿರೋದು ಹುಟ್ಟಿದ ವರ್ಷ.

ಈಗ ತುಂಬಾ ಜನ ತಪ್ಪು ತಿಳ್ಕೊಂಡಿರೋದು ಎರಡಿದೆ. ಸ್ಲೀಪ್ ಮೋಡ್ ಅಂತ ಇದೆ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ, ಆದ್ರೆ ಅದು ನೋಟಿಫಿಕೇಶನ್ ಮಾತ್ರ ಸುಮ್ನಾಗಿಸೋದು, ಆಪ್ ತೆಗೆದ್ರೆ ತೆಗೆಯುತ್ತೆ. ಹಂಗೇ ದಿನಕ್ಕೆ 60 ನಿಮಿಷ ಆದ್ಮೇಲೆ ಸಾಕು ಅಂತ ಒಂದು ಸೂಚನೆ ಬರುತ್ತೆ, ಅಷ್ಟೇ, ಬೆರಳಲ್ಲಿ ಸರಿಸಿ ಮುಂದೆ ಹೋಗಬಹುದು. ನಿಜವಾಗ್ಲೂ ನಿಲ್ಲಬೇಕು ಅಂದ್ರೆ ಸೂಪರ್‌ವಿಷನ್ ಅನ್ನೋದನ್ನ ಬೇರೆ ಆನ್ ಮಾಡಬೇಕು, ನಾನು ಇನ್ವೈಟ್ ಕಳಿಸಬೇಕು, ಅವಳು ಒಪ್ಪಬೇಕು. ಅಲ್ಲಿ ದಿನದ ಲಿಮಿಟ್ ಹಾಕಿದ್ರೆ ಮುಗೀತು ಅಂದ್ರೆ ಮುಗೀತು, ರಾತ್ರಿ ಬ್ಲಾಕ್ ಹಾಕಿದ್ರೆ ತೆಗೆಯೋಕಾಗಲ್ಲ. ನಾವು ದಿನಕ್ಕೆ 45 ನಿಮಿಷ, ರಾತ್ರಿ 9.30ರಿಂದ ಬ್ಲಾಕ್ ಅಂತ ಮಾಡ್ಕೊಂಡ್ವಿ, ನಾನು 30 ಅಂದೆ ಅವಳು 60 ಅಂದ್ಲು, ಮಧ್ಯದಲ್ಲಿ ನಿಂತಿತು. ಅವಳೇ ಚೌಕಾಸಿ ಮಾಡಿ ಒಪ್ಪಿದ್ದಕ್ಕೋ ಏನೋ ಇಲ್ಲಿವರೆಗೂ ಅದರ ಬಗ್ಗೆ ಒಂದು ದಿನವೂ ಜಗಳ ಆಗಿಲ್ಲ.

ನಂಗೆ ಇದರಲ್ಲಿ ತುಂಬಾ ಇಷ್ಟ ಆಗಿದ್ದು, ಮೊದಲು ಇದೇ ದೊಡ್ಡ ಕೊರತೆ ಅನ್ಸಿತ್ತು, ಅವಳ ಮೆಸೇಜ್ ನಂಗೆ ಓದೋಕಾಗಲ್ಲ. ಕಳೆದ 7 ದಿನದಲ್ಲಿ ಯಾರ್ ಜೊತೆ ಮಾತಾಡಿದಾಳೆ ಅನ್ನೋ ಹೆಸರು ಮಾತ್ರ ಕಾಣುತ್ತೆ, ಏನ್ ಮಾತಾಡಿದ್ಲು ಅಂತ ಕಾಣಲ್ಲ. ಭಾನುವಾರ ಸಂಜೆ ಕಾಫಿ ಕುಡೀತಾ ಇಬ್ರೂ ಆ ಲಿಸ್ಟ್ ನೋಡ್ತೀವಿ. ಎರಡನೇ ವಾರ ಒಂದು ಹೆಸರು ಬಂತು, ಹುಡುಗೀರ ಹೆಸರು, ಫೋಟೋ ಬದಲು ಹೂವು. ಇದ್ಯಾರಮ್ಮಾ ಅಂದೆ ಅಷ್ಟೇ. ಸ್ವಲ್ಪ ಹೊತ್ತು ಬಿಸ್ಕತ್ತು ಮುರೀತಾ ಕೂತಿದ್ದು ಆಮೇಲೆ ಅವಳೇ ಫೋನ್ ನನ್ ಕಡೆ ತಿರುಗಿಸಿದ್ಲು. ಕ್ಲಾಸಲ್ಲಿ ಇರೋ ಯಾರೋ ಅವಳ ಫ್ರೆಂಡ್ ಹೆಸರಲ್ಲಿ ಫೇಕ್ ಅಕೌಂಟ್ ಮಾಡಿ, ಆ ಮಗು ಫೋಟೋ ಹಾಕಿ ಕೆಟ್ಟದಾಗಿ ಬರೀತಿದ್ರಂತೆ, ಅದನ್ನ ಯಾರಿಗೆ ಹೇಳೋದು ಅಂತ ಗೊತ್ತಾಗದೆ ಇಬ್ರೂ ಹುಡುಗೀರು ಈ ಹೂವಿನ ಅಕೌಂಟಲ್ಲಿ ಮಾತಾಡ್ಕೋತಿದ್ರು. ನಾನು ಮೆಸೇಜ್ ಕದ್ದು ಓದೋ ಅಮ್ಮ ಆಗಿದ್ರೆ ಅವ್ರು ಇನ್ನೊಂದು ಆಪ್‌ಗೆ ಹೋಗ್ತಿದ್ರು, ಆ ಫೋನು ನನ್ ಕಡೆ ತಿರುಗ್ತಾನೇ ಇರಲಿಲ್ಲ.

ಆ ಮಗು ಅಮ್ಮನ ಜೊತೆ ಸ್ಕೂಲಿಗೆ ಹೋದ್ವಿ, ಮನೇಲಿ ಬುದ್ಧಿ ಹೇಳಿ ಅಂದ್ರು, ಬೇಜಾರಾಯ್ತು. ಆಮೇಲೆ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು, ಅಕೌಂಟ್ ಲಿಂಕ್ ಬರೆದಿಟ್ಕೊಂಡು, ಆಪಲ್ಲೇ ರಿಪೋರ್ಟ್ ಮಾಡಿದ್ವಿ, ಎರಡು ದಿನದಲ್ಲಿ ಹೋಯ್ತು. ಹೋಗದಿದ್ರೆ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್ ಇದೆ, ಹೆಂಗಸರು ಮಕ್ಕಳ ವಿಷಯದ ದೂರನ್ನ ಅಲ್ಲಿ ಹೆಸರು ಹೇಳದೇನೂ ಕೊಡಬಹುದು, ಮಕ್ಕಳೇ ನೇರ ಫೋನ್ ಮಾಡೋಕೆ ಮಕ್ಕಳ ಸಹಾಯವಾಣಿ 1098 ಇದೆ. ರಿಪೋರ್ಟ್ ಮಾಡೋ ಮುಂಚೆ ಸ್ಕ್ರೀನ್‌ಶಾಟ್ ತೆಗೀರಿ, ಅಕೌಂಟ್ ಹೋದ್ಮೇಲೆ ಸಾಕ್ಷಿನೂ ಹೋಗುತ್ತೆ.

ಕಮ್ಮಿ ಇರೋದು ಅಂದ್ರೆ, ಇಲ್ಲಿ ಹಾಕಿದ ಲಿಮಿಟ್ ಇನ್‌ಸ್ಟಾಗೆ ಮಾತ್ರ. 45 ನಿಮಿಷ ಮುಗಿದ ಮೇಲೆ ಯೂಟ್ಯೂಬ್ ಶಾರ್ಟ್ಸ್ ಶುರು ಆಗುತ್ತೆ, ಫೋನಿಗೇ ಲಿಮಿಟ್ ಬೇಕು ಅಂದ್ರೆ ಗೂಗಲ್‌ದು ಫ್ಯಾಮಿಲಿ ಲಿಂಕ್ ಬೇರೆ ಹಾಕೋಬೇಕು. ವಾಟ್ಸಾಪಲ್ಲಿ ಟ್ಯೂಷನ್ ಗ್ರೂಪ್‌ಗಳಿಗೆ ಯಾರ್ ಯಾರೋ ಸೇರಿಸ್ತಿದ್ರು, ಅದಕ್ಕೆ ಪ್ರೈವೆಸಿ ಸೆಟ್ಟಿಂಗಲ್ಲಿ ಗ್ರೂಪ್ಸ್ ಅಂತ ಇದೆ, ಎವ್ರಿಒನ್ ಇರೋದನ್ನ ಮೈ ಕಾಂಟ್ಯಾಕ್ಟ್ಸ್ ಮಾಡಿದ್ವಿ. ಇನ್ನೊಂದು, ಫಾಲೋವರ್ಸ್ ಪೈಕಿ ಯಾರು ಸರಿ ಯಾರು ತಪ್ಪು ಅಂತ ಯಾವ ಸೆಟ್ಟಿಂಗೂ ಹೇಳಲ್ಲ, ಫೇಕ್ ಅಕೌಂಟ್ ಮಾಡಿದ್ದು ಅದೇ ಕ್ಲಾಸಿನ ಮಕ್ಕಳೇ ತಾನೆ. ಫೋಟೋ ಹಾಕೋ ಮುಂಚೆ ಹಿಂದೆ ಏನ್ ಕಾಣ್ತಿದೆ ಅಂತ ನೋಡೋದನ್ನ ನಾವೇ ಹೇಳ್ಕೊಡಬೇಕು, ಈಗ ಅವಳು ಐಡಿ ಕಾರ್ಡ್ ಬ್ಯಾಗಲ್ಲಿ ಹಾಕಿ ಆಮೇಲೆ ಫೋಟೋ ತೆಗೀತಾಳೆ.

ಮಕ್ಕಳು ನಿದ್ದೆ ಊಟ ಬಿಟ್ಟು ಫೋನಿಗೆ ಅಂಟ್ಕೊಂಡಿದ್ರೆ ಈ ಆಪ್ ಸೆಟ್ಟಿಂಗ್ ಎಲ್ಲ ಸಾಲಲ್ಲ, ಬೆಂಗಳೂರು ನಿಮ್ಹಾನ್ಸಲ್ಲಿ 2014ರಿಂದ ಇದಕ್ಕೇ ಅಂತ ಶಟ್ ಕ್ಲಿನಿಕ್ ಇದೆ, ಅಲ್ಲಿ ತೋರಿಸಿ, ನಾಚ್ಕೋಬೇಡಿ.

5ಕ್ಕೆ 4 ಕೊಡ್ತೀನಿ. ಸೆಟ್ಟಿಂಗ್ಸಲ್ಲಿ ಫ್ಯಾಮಿಲಿ ಸೆಂಟರ್ ಅಂತ ಹುಡುಕಿದ್ರೆ ಸಿಗುತ್ತೆ, ಮಗು ಪಕ್ಕದಲ್ಲಿ ಕೂತಿದ್ರೆ 15 ನಿಮಿಷದ ಕೆಲಸ. ಈಗ ಇವಳು ಸ್ನ್ಯಾಪ್‌ಚಾಟ್ ಕೇಳ್ತಿದಾಳೆ, ಅದರಲ್ಲೂ ಫ್ಯಾಮಿಲಿ ಸೆಂಟರ್ ಇದೆ ಅಂತ ಅವಳೇ ಹುಡುಕ್ಕೊಂಡು ಬಂದು ತೋರಿಸಿದ್ಲು. ಯಾರಾದ್ರೂ ಮಕ್ಕಳಿಗೆ ಅದನ್ನ ಹಾಕ್ಕೊಟ್ಟಿದ್ರೆ ಹೆಂಗಿದೆ ಅಂತ ಬರೀರಿ, ಭಾನುವಾರದೊಳಗೆ ಉತ್ತರ ಹೇಳ್ತೀನಿ ಅಂದಿದೀನಿ.